ಇಪ್ಪತ್ತನೆಯ ತಾರೀಖಿನೊಳಗೆ

ಉದಗೀರ
2 ಜುಲೈ 2024

ತೀರ್ಥರೂಪ ವೈಜನಾಥ ಮಾಮಾ ಅವರಿಗೆ ಧನರಾಜ ಮಾಡುವ ನಮಸ್ಕಾರಗಳು.

ಪತ್ರ ಕಂಡು ಆಶ್ಚರ್ಯಪಡಬೇಡಿ. ಮಾರ್ಚಿನಿಂದ ನನ್ನ ಫೋನು ಬಂದ್ ಆಗಿದೆ. ಕೆಟ್ಟಿಲ್ಲ, ನಾನೇ ಬಂದ್ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ವಸೂಲಿಯವರು ದಿನಕ್ಕೆ ಹತ್ತು-ಹದಿನೈದು ಸಲ ಮಾಡುತ್ತಿದ್ದರು. ಮೊದಲು ಒಬ್ಬ ಹುಡುಗಿ, ಆಮೇಲೆ ಒಬ್ಬ ಗಂಡಸು, ಕಡೆಗೆ ಬರೀ ರೆಕಾರ್ಡ್ ಮಾಡಿದ ಧ್ವನಿ. ಹುಡುಗಿ ಬೈಯುವಾಗ ಏನಾದರೂ ಉತ್ತರ ಕೊಡಬಹುದಿತ್ತು. ರೆಕಾರ್ಡಿಗೆ ಏನು ಹೇಳುವುದು? ಸಿಮ್ ಬದಲಿಸಿದರೆ ವಾರದೊಳಗೆ ಹೊಸ ನಂಬರೂ ಅವರ ಕೈಗೆ ಹೋಗುತ್ತದೆ. ಬೇರೆಯವರ ಫೋನಿನಿಂದ ನಿಮಗೆ ಮಾಡಬಹುದಿತ್ತು. ಆದರೆ ನಿಮ್ಮ ಧ್ವನಿ ಕೇಳಿದರೆ ಹೇಳಬೇಕೆಂದುಕೊಂಡದ್ದು ಹೇಳಲಾಗುವುದಿಲ್ಲ.

ವಿಷಯ ಇದು. ನಿಲಂಗಾದ ಮನೆಗೆ ನೋಟೀಸು ಬಂದಿದೆ. ಈ ತಿಂಗಳ ಕೊನೆಗೆ ಅಲ್ಲಿಯ ಕೋರ್ಟಿನಲ್ಲಿ ಲೋಕ ಅದಾಲತ್ತು. ಅವ್ವ ಪಕ್ಕದ ಮನೆಯವರಿಂದ ಓದಿಸಿದಳಂತೆ. ಇಂಜಿನಿಯರಿಂಗ್ ಓದಲು ತೆಗೆದ ಸಾಲಕ್ಕೆ ನನ್ನ ಹೆಸರು, ಅದರ ಕೆಳಗೆ ಜಾಮೀನುದಾರ ಎಂದು ನಿಮ್ಮ ಹೆಸರು. ನಿಮಗೂ ಒಂದು ಪ್ರತಿ ಬಂದಿರಬೇಕು. ಕ್ಷಮಿಸಿ ಎಂದು ಬರೆದರೆ ಸಣ್ಣ ಮಾತಾಗುತ್ತದೆ. ಮೊದಲ ಎರಡು ವರ್ಷ ನಾನು ಒಂದು ಪೈಸೆ ಕಟ್ಟದಿದ್ದರೂ ಬ್ಯಾಂಕಿನವರು ಸುಮ್ಮನಿದ್ದರು. ಮರೆತಿದ್ದಾರೆ ಅಂದುಕೊಂಡಿದ್ದೆ. ಆಗ ಇಪ್ಪತ್ಮೂರು ವಯಸ್ಸು, ಅಂಥದ್ದನ್ನೆಲ್ಲ ನಂಬುತ್ತಿದ್ದೆ.

ಈಗ ಇಲ್ಲಿ ಒಂದು ಕಂಪನಿಯಲ್ಲಿ ಇದ್ದೇನೆ. ಪ್ರೊಡಕ್ಷನ್ ಕಡೆ. ಖಾತೆಗೆ ಸಂಬಳ ಹಾಕಿಸಿಕೊಂಡರೆ ಬ್ಯಾಂಕು ಎಳೆದುಕೊಳ್ಳುತ್ತದೆಂದು ಕೈಯಲ್ಲೇ ತೆಗೆದುಕೊಳ್ಳುತ್ತೇನೆ. ಇಪ್ಪತ್ತು ಜನ ಸೇರಿ ಭಿಸಿ ಹಾಕಿದ್ದೇವೆ. ತಿಂಗಳಿಗೊಬ್ಬರು ಪೂರ್ತಿ ದುಡ್ಡು ಎತ್ತುತ್ತಾರೆ. ಆಗಸ್ಟಿನಲ್ಲಿ ನನ್ನ ಪಾಳಿ. ಒಂದೂವರೆ ಲಕ್ಷ ಒಮ್ಮೆಗೇ ಕೈಗೆ ಬರುತ್ತದೆ. ಇಷ್ಟು ದುಡ್ಡು ನಾನು ಒಟ್ಟಿಗೆ ಕಂಡಿಲ್ಲ. ಏನು ಮಾಡಬೇಕೆಂದು ನೀವು ಹೇಳಿ, ಹಾಗೇ ಮಾಡುತ್ತೇನೆ.

ಉತ್ತರ ಬರೆಯುವುದಾದರೆ: ಬಸವಣ್ಣೆಪ್ಪ ಖಾನಾವಳಿ, ಸ್ಟೇಷನ್ ರಸ್ತೆ, ಉದಗೀರ. ಊಟಕ್ಕೆ ಅಲ್ಲಿಗೇ ಹೋಗುತ್ತೇನೆ. ಬಸವಣ್ಣೆಪ್ಪನವರಿಗೆ ಹೇಳಿದಾಗ, "ಪತ್ರಾ? ಈ ಕಾಲ್ದಾಗ? ಏನ್ ಹುಡುಗಿ ಗಿಡುಗಿ ಏನೋ ತಮ್ಮಾ" ಎಂದು ನಕ್ಕರು.

ಶಿವಾನಿಗೆ ಕೇಳಿದ್ದೇನೆಂದು ಹೇಳಿ.

ನಿಮ್ಮ ಧನರಾಜ


ಉಮರಗಾ
9 ಜುಲೈ 2024

ಚಿ. ಧನರಾಜನಿಗೆ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಶನಿವಾರ ತಲುಪಿತು. ಪೋಸ್ಟಮನ್ ಅದನ್ನು ಶಾಲೆಗೇ ತಂದುಕೊಟ್ಟ. ಆರನೆಯ ತರಗತಿಯ ಮಕ್ಕಳು ಲಕೋಟೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಈ ವರ್ಷ ಆ ತರಗತಿಯಲ್ಲಿ ಒಂಬತ್ತೇ ಮಕ್ಕಳು. ಮನೆಯಲ್ಲಿ ಕನ್ನಡ ಆಡುವವರೂ ಮಕ್ಕಳನ್ನು ಮರಾಠಿಗೋ ಇಂಗ್ಲಿಷಿಗೋ ಹಾಕುತ್ತಾರೆ. ನಾನು ಯಾರನ್ನೂ ಹೋಗಿ ಕೇಳುವುದಿಲ್ಲ. ಕೇಳಬೇಕು ಎಂದು ಹೆಡ್ಮಾಸ್ತರು ಹೇಳುತ್ತಾರೆ.

ಇಲ್ಲಿ ಮಳೆ ಚೆನ್ನಾಗಿದೆ. ಸೋಯಾಬೀನು ಮೊಣಕಾಲೆತ್ತರ ಬಂದಿದೆ ಎನ್ನುತ್ತಾರೆ. ನಮ್ಮ ಮನೆಯ ಹಿಂದಿನ ಗೋಡೆ ಒಂದು ಕಡೆ ಉಬ್ಬಿದೆ, ದೀಪಾವಳಿಯ ತನಕ ತಡೆದೀತು.

ಶಿವಾನಿ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಒಳ್ಳೆಯ ಗುಣ ತೆಗೆದಿದ್ದಾಳೆ. ಸೊಲ್ಲಾಪುರದ ನರ್ಸಿಂಗ್ ಕಾಲೇಜಿನ ಯಾದಿಯಲ್ಲಿ ಹೆಸರು ಬಂದಿದೆಯಂತೆ. ನೋಡೋಣ. ನಿನ್ನ ಪತ್ರ ನೋಡಿ, "ಇಂಜಿನೇರ್ ಸಾಹೇಬ್ರು ಪತ್ರ ಬರ್ದಾರಲ್ಲ! ಮುಂದಿನ ಸಲ ಪಾರಿವಾಳ ಕಳಸ್ಲಿ ಅನ್ನು" ಎಂದಳು. ಆಮೇಲೆ ಎರಡು ಸಲ ಓದಿದಳು. ಅವಳ ಅವ್ವ ಹೋದ ಮೇಲೆ ಮನೆಯಲ್ಲಿ ಮಾತು ಅವಳದೇ.

ನೋಟೀಸು ಬಂದಿದೆ. ಅದರ ಚಿಂತೆ ಮಾಡಬೇಡ. ಭಿಸಿಯ ದುಡ್ಡು ನಿನ್ನ ಬೆವರಿನದು. ಅದು ಎಲ್ಲಿಗೆ ಹೋಗಬೇಕೆಂದು ನಾನು ಹೇಳುವುದು ಸರಿಯಲ್ಲ. ನಿನಗೇ ತಿಳಿಯುತ್ತದೆ.

ಮೈಗೆ ಜಾಗ್ರತೆ.

ವೈಜನಾಥ


ಉದಗೀರ
29 ಜುಲೈ 2024

ತೀರ್ಥರೂಪ ಮಾಮಾ ಅವರಿಗೆ ನಮಸ್ಕಾರಗಳು.

ಅದಾಲತ್ತಿನ ದಿನ ನಿಲಂಗಾಕ್ಕೆ ಹೋಗಿದ್ದೆ. ಒಳಗೆ ಹೋಗಲಿಲ್ಲ. ಕೋರ್ಟಿನ ಎದುರಿಗೆ ಝೆರಾಕ್ಸ್ ಅಂಗಡಿಯಲ್ಲಿ ನಿಂತೆ. ಅಲ್ಲಿ ನನ್ನ ಹಾಗೆ ಇನ್ನೂ ಐದಾರು ಮಂದಿ ಹುಡುಗರು ನಿಂತಿದ್ದರು, ಏನೂ ಝೆರಾಕ್ಸ್ ಮಾಡಿಸದೆ. ಅವ್ವ ಒಬ್ಬಳೇ ಹೋಗಿ ಬಂದಳು. ನಡೆದದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ.

ಬ್ಯಾಂಕಿನ ವಕೀಲ ಸಣ್ಣ ವಯಸ್ಸಿನವನು. "ಆಯಿ, ಮಗಾ ಎಲ್ಲಿ ಹಾನ?" ಎಂದನಂತೆ.

"ಕಂಪನ್ಯಾಗ ಹಾನ್ರೀ ಸಾಹೇಬ್ರ."

"ಯಾವ ಕಂಪನಿ?"

"ದೊಡ್ಡದು ಅದರೀ."

"ದೊಡ್ಡ ಕಂಪನ್ಯಾಗ ಇದ್ದಾಂವಗ ತಿಂಗಳಿಗಿ ಆರು ಸಾವಿರ ಕಟ್ಲಕ್ಕ ಆಗಲ್ಲೇನು?"

"ನೀವೂ ದೊಡ್ಡ ವಕೀಲ್ರು. ಕೋಟಿನ ಗುಂಡಿ ಹಚ್ಕೊಳ್ಳಕ್ಕ ಆಗಿಲ್ಲಲ್ರೀ."

ಜಡ್ಜ್ ಸಾಹೇಬರೂ ನಕ್ಕರಂತೆ. ಹೊರಗೆ ಬಂದು ಇದನ್ನು ಹೇಳುವಾಗ ಅವ್ವ ಖುಷಿಯಲ್ಲಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕುಳಿತ ಮೇಲೆ, "ವೈಜಪ್ಪನ ಹೆಸರು ಎಲ್ಲರ ಮುಂದ ಕೂಗಿದ್ರು. ನನ್ನ ತಮ್ಮನ ಹೆಸರು ಕೋರ್ಟಿನ್ಯಾಗ" ಎಂದಳು. ಮುಂದಿನ ತಾರೀಖು ಕೊಟ್ಟಿದ್ದಾರೆ.

ಇನ್ನೊಂದು ಮಾತು. ಉಮರಗಾದಿಂದ ಬಂದ ಯಾರೋ ಅವ್ವನಿಗೆ, ಶಿವಾನಿಯ ಮದುವೆಗೆ ಸ್ಥಳ ನೋಡುತ್ತಿದ್ದಾರೆ ಎಂದು ಹೇಳಿದ್ದಾರೆ. ಅವ್ವ ಎರಡು ದಿನ ಸರಿಯಾಗಿ ಉಂಡಿಲ್ಲ. "ತೊಟ್ಟಲ್ದಾಗ ನಾ ಹೆಸರಿಟ್ಟ ಕೂಸು. ಈಕಿ ನನ್ನ ಮನಿಯಾಕಿ ಅಂತ ಎಲ್ಲರ ಮುಂದ ಅಂದಿದ್ದೆ. ಈಗ ನನ್ನ ಮಗನ ಕಿಸೆ ನೋಡಿ ಬ್ಯಾರೆ ಕಡಿ ಹೊಂಟಾರೇನು?" ಎನ್ನುತ್ತಾಳೆ. ನಾನು ಸುಮ್ಮನಿರು ಎಂದೆ. ನಿಜವಾದರೂ ತಪ್ಪಿಲ್ಲ, ಮಾಮಾ. ನಾನು ಯಾವ ಮುಖದಿಂದ ಏನು ಕೇಳಲಿ? ಸುಳ್ಳಾದರೆ ಒಂದು ಸಾಲು ಬರೆಯಿರಿ, ಅವ್ವನಿಗೆ ಓದಿ ಹೇಳುತ್ತೇನೆ.

ನಿಮ್ಮ ಧನರಾಜ


ಉಮರಗಾ
5 ಆಗಸ್ಟ್ 2024
(ಅಂಚೆಗೆ ಹಾಕದ್ದು)

ಧನರಾಜ,

ಇದನ್ನು ನೇರವಾಗಿ ಬರೆಯುತ್ತೇನೆ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಿದ್ದೇನೆ. 'ಶುಲ್ಕ ಕಟ್ಟಲು ಹಣ ಕಳಿಸುವಂತೆ ತಂದೆಗೆ ಪತ್ರ ಬರೆಯಿರಿ.' ಐದು ಗುಣದ ಪ್ರಶ್ನೆ. ಪೀಠಿಕೆ ಬೇಡ, ವಿಷಯಕ್ಕೆ ಬನ್ನಿ ಎಂದು ಹೇಳಿಕೊಡುತ್ತೇನೆ.

ಶಿವಾನಿಗೆ ಸೀಟು ಸಿಕ್ಕಿದೆ. ಆಗಸ್ಟ್ ಇಪ್ಪತ್ಮೂರರೊಳಗೆ ಮೊದಲ ವರ್ಷದ ಫೀ ಕಟ್ಟಬೇಕು. ಸಾಲಕ್ಕೆಂದು ಇಲ್ಲಿಯ ಬ್ಯಾಂಕಿಗೆ ಹೋದೆವು. ಮ್ಯಾನೇಜರ ಅಮರನಾಥ ಎಂಬವರು ಭಾಲ್ಕಿಯ ಕಡೆಯವರು, ಒಳ್ಳೆಯ ಮನುಷ್ಯ. ನನ್ನ ಹೆಸರು ಕಂಪ್ಯೂಟರಿಗೆ ಹಾಕಿ ಬಹಳ ಹೊತ್ತು ನೋಡಿದರು. "ಸರ, ಹುಡುಗಿದು ಎಲ್ಲಾ ಛಲೋ ಅದ. ಆದ್ರ ನಿಮ್ಮ ಹೆಸರು ಹಾಕಿದ್ರ ಕೆಂಪು ತೋರಿಸ್ಲತ್ತದ. ನಿಲಂಗಾದ ಸಾಲಕ್ಕ ನೀವು ಜಾಮೀನು. ಅದು ಬಾಕಿ ಇರೋತನಕ ಇದು ಆಗಲ್ಲ" ಎಂದರು. ಶಿವಾನಿ ಪಕ್ಕದಲ್ಲೇ ಕುಳಿತಿದ್ದಳು. ಬಾಕಿ ಎಷ್ಟು ಎಂದು ಅವಳೇ ಕೇಳಿದಳು. ತಪ್ಪಿದ ಕಂತುಗಳೆಲ್ಲ ಸೇರಿ ಒಂದು ಲಕ್ಷ ನಲವತ್ತೈದು ಸಾವಿರ. "ಇಪ್ಪತ್ತನೇ ತಾರೀಖಿನೊಳಗ ಅಷ್ಟು ತುಂಬಿ ರಸೀದಿ ತರ್ರಿ. ಅದೇ ದಿನ ಮಗಳ ಫೈಲ್ ಮ್ಯಾಲ ಕಳಸ್ತೀನಿ" ಎಂದರು.

ನಿನ್ನ ಭಿಸಿಯ ದುಡ್ಡು ಅದಕ್ಕೆ ಸಾಕಾಗುತ್ತದೆ. ಅದನ್ನು ನಿಲಂಗಾದ ಸಾಲಕ್ಕೆ ಕಟ್ಟು. ನನಗಾಗಿ ಅಲ್ಲ, ಶಿವಾನಿಗಾಗಿ.

ಬೇರೆ ಕಡೆ ಕೇಳಿದೆ. ನಿನ್ನ ಮಾಮಿಯ ಕಾಯಿಲೆಯಲ್ಲಿ ಎಲ್ಲ ಬಾಗಿಲಿಗೂ ಒಮ್ಮೆ ಹೋಗಿ ಬಂದದ್ದಾಗಿದೆ. ಬ್ಯಾಂಕಿನವರು ಎರಡು ವರ್ಷ ಮರೆತಿರಲಿಲ್ಲ. ಆ ಕಂತುಗಳನ್ನು ನಾನು ಕಟ್ಟುತ್ತಿದ್ದೆ. ಮಾಮಿ ಹಾಸಿಗೆ ಹಿಡಿದ ಮೇಲೆ ಆಗಲಿಲ್ಲ. ನಿನಗೆ ತಿಳಿಸಬೇಕಿತ್ತು. ನೀನು ಕೆಲಸ ಹುಡುಕುತ್ತಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡವೆಂದು ಬಿಟ್ಟೆ. ನೀನು ದಾಲ್ ಮಿಲ್ಲಿನಲ್ಲಿ ತೊಗರಿಯ ಚೀಲ ತೂಗಿಸುತ್ತೀ ಎಂಬುದೂ ನನಗೆ ಗೊತ್ತು. ತೊಗರಿ ಮಾರಲು ಬಂದ ನಮ್ಮ ಕಡೆಯವರು ನಿನ್ನನ್ನು ತೂಕದ ಕಾಟಾದ ಮುಂದೆ ನೋಡಿದ್ದಾರೆ. ಅದರಲ್ಲಿ ನಾಚುವಂಥದ್ದೇನೂ ಇಲ್ಲ.

ಇಷ್ಟು ಬರೆದು ಮತ್ತೆ ಓದಿದೆ. ಎಲ್ಲ ನಿಜ. ಆದರೆ ಯಾರಿಗೆ ಬರೆಯುತ್ತಿದ್ದೇನೆ? ಅಕ್ಕ ತನ್ನ ಮನೆಯವಳೆಂದು ಹೆಸರಿಟ್ಟ ಮಗಳಿಗಾಗಿ ಅಕ್ಕನ ಮನೆಯಿಂದಲೇ ದುಡ್ಡು ತರಿಸಿದರೆ, ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ. ತೆರ ತಿಂದ ಎನ್ನುತ್ತಾರೆ, ಮಗಳನ್ನು ಕೊಡಲು ದುಡ್ಡು ತೆಗೆದುಕೊಂಡ ಎಂದು. ನಾಳೆ ಶಿವಾನಿ ಬೇರೆ ಮಾತು ಹೇಳಿದರೆ ಆ ದುಡ್ಡಿಗೆ ಅವಳು ಕಟ್ಟುಬಿದ್ದಂತಾಗುತ್ತದೆ. ಅವಳು ನನ್ನ ಹಿಂದೆ ನಿಂತು, "ಅಪ್ಪಾ, ಅದ್ರಾಗ ಏನದ, ಕೇಳಿಬಿಡು. ಅಂವಂದೇ ಸಾಲ, ಅಂವನೇ ಕಟ್ಲಿ" ಎನ್ನುತ್ತಾಳೆ. ಅವಳಿಗೆ ಇದು ಅಷ್ಟೇ ಸರಳ.

ನಾಳೆ ಇನ್ನೊಮ್ಮೆ ಬರೆಯುತ್ತೇನೆ.


ಉಮರಗಾ
6 ಆಗಸ್ಟ್ 2024

ಚಿ. ಧನರಾಜನಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಅಕ್ಕ ವಕೀಲನಿಗೆ ಕೊಟ್ಟ ಉತ್ತರ ಓದಿ ನಕ್ಕೆ. ಚಿಕ್ಕಂದಿನಲ್ಲೂ ನನ್ನ ಪರವಾಗಿ ಜಗಳಕ್ಕೆ ಅವಳೇ ಹೋಗುತ್ತಿದ್ದಳು.

ಇಲ್ಲಿ ಮಳೆ ಬಿಟ್ಟು ನಾಲ್ಕು ದಿನವಾಯಿತು. ಪಂಚಮಿ ಹತ್ತಿರ ಬಂತು, ಶಿವಾನಿ ಅರಳು ಹುರಿದಿಟ್ಟಿದ್ದಾಳೆ.

ಯಾರೋ ಹೇಳಿದ ಮಾತಿಗೆ ಅವ್ವ ಕಿವಿಗೊಡುವುದು ಬೇಡ. ಆದರೆ ಶಿವಾನಿಯ ವಿಷಯವಾಗಿ ಈ ತಿಂಗಳ ಇಪ್ಪತ್ತನೆಯ ತಾರೀಖಿನೊಳಗೆ ಒಂದು ನಿರ್ಧಾರ ಆಗಬೇಕಾಗಿದೆ. ಆಮೇಲೆ ನನ್ನ ಕೈಯಲ್ಲಿ ಇರುವುದಿಲ್ಲ. ನಿನ್ನ ಭಿಸಿ ಯಾವ ತಾರೀಖಿಗೆ ಎಂದು ತಿಳಿಸು. ಅವ್ವನೊಡನೆಯೂ ಮಾತಾಡು. ಇದಕ್ಕಿಂತ ಹೆಚ್ಚು ಪತ್ರದಲ್ಲಿ ಬರೆಯಲಾರೆ. ನೀನು ತಿಳಿದವನು.

ವೈಜನಾಥ


ಉದಗೀರ
14 ಆಗಸ್ಟ್ 2024

ತೀರ್ಥರೂಪ ಮಾಮಾ ಅವರ ಚರಣಕ್ಕೆ ನಮಸ್ಕಾರಗಳು.

ನಿಮ್ಮ ಪತ್ರ ಎರಡು ದಿನ ಬಸವಣ್ಣೆಪ್ಪನವರ ಗಲ್ಲಾಪೆಟ್ಟಿಗೆಯ ಕೆಳಗೇ ಇತ್ತು. ಊಟದ ತಾಟು ಮುಂದಿಟ್ಟುಕೊಂಡು ಓದಿದೆ. ಭಾಜಿ ಆರಿಹೋಯಿತು. "ಏನೋ ತಮ್ಮಾ, ಪಾಸಾ ಫೇಲಾ?" ಎಂದರು. ಪಾಸ್ ಎಂದೆ. ಅವರು ಒಂದು ಬಟ್ಟಲು ತುಪ್ಪ ಹೆಚ್ಚು ಹಾಕಿದರು.

ನಿಮ್ಮ ಮಾತು ತಿಳಿಯಿತು. ಇಷ್ಟೆಲ್ಲ ಆದ ಮೇಲೂ ನೀವು ನಮ್ಮ ಮನೆಯನ್ನೇ ನೆನೆದಿರಿ. ಕೋರ್ಟಿನಲ್ಲಿ ನಿಮ್ಮ ಹೆಸರು ಕೂಗಿಸಿದವನಿಗೆ ಹೀಗೆ ಬರೆಯಲು ಎಂಥ ಮನಸ್ಸು ಬೇಕು ಎಂದು ಆ ದಿನವೆಲ್ಲ ಯೋಚಿಸಿದೆ.

ಹತ್ತನೆಯ ತಾರೀಖಿಗೇ ಭಿಸಿ ಎತ್ತಿದ್ದೆ. ನಿನ್ನೆ ನಿಲಂಗಾಕ್ಕೆ ಹೋಗಿ ಅವ್ವನಿಗೆ ಪತ್ರ ಓದಿ ಹೇಳಿದೆ. ಅಳುತ್ತ ಕುಳಿತಳು, ಆಮೇಲೆ ಹೊಸ ಸೀರೆ ಉಟ್ಟು ನನ್ನೊಡನೆ ಹೊರಟಳು. ದುಡ್ಡು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಯಿತು, ಮಾಮಾ. ಇನ್ನು ಆ ಚಿಂತೆ ಬೇಡ. ಹೆಚ್ಚು ಬರೆಯಬೇಡ ಎಂದು ಅವ್ವ ಹೇಳಿದ್ದಾಳೆ: "ಇಂಥಾ ಮಾತು ಕಾಗದದಾಗ ಹೇಳಬಾರ್ದು. ನಾ ಬಂದು ನನ್ನ ಬಾಯಿಲೆ ಹೇಳಾಕಿ." ಇಪ್ಪತ್ತರೊಳಗೆ ಮಿಲ್ಲಿನಲ್ಲಿ ರಜೆ ಸಿಗುವುದಿಲ್ಲ. ಇಪ್ಪತ್ತೈದಕ್ಕೆ, ಭಾನುವಾರ, ಇಬ್ಬರೂ ಬರುತ್ತೇವೆ. ನಾಲ್ಕೈದು ದಿನ ಹೆಚ್ಚುಕಡಿಮೆಯಾದರೆ ನೀವು ಬೇಸರ ಮಾಡಿಕೊಳ್ಳುವುದಿಲ್ಲ ಎಂದುಕೊಂಡಿದ್ದೇನೆ. ಮುಖ್ಯವಾದದ್ದು ಆಗಿಹೋಗಿದೆ.

ಮಿಲ್ಲು ಎಂದು ಬರೆದುಬಿಟ್ಟೆ. ಇರಲಿ. ಕಂಪನಿ ಎಂದರೂ ದಾಲ್ ಮಿಲ್ಲೇ. ನಿಮ್ಮಿಂದ ಮುಚ್ಚಿಡುವುದು ಇನ್ನು ಬೇಡ.

ನಿಮ್ಮ ಧನರಾಜ


ಉಮರಗಾ
21 ಆಗಸ್ಟ್ 2024

ಚಿ. ಧನರಾಜನಿಗೆ,

ನಿನ್ನ ಪತ್ರ ಹದಿನೇಳಕ್ಕೆ ಬಂತು. ಶಿವಾನಿಗೆ ಓದಲು ಕೊಟ್ಟೆ. "ಕಟ್ಯಾನಪಾ! ಕೇಳದೇನೇ ಕಟ್ಯಾನ!" ಎಂದು ಅಂಗಳದಲ್ಲೇ ಒಂದು ಸುತ್ತು ಹಾಕಿದಳು. ಟ್ರಂಕು ಒರೆಸಿಟ್ಟಳು. ಅದೇ ದಿನ ಅರ್ಧ ಕಿಲೋ ಪೇಢೆ ಹಿಡಿದು ಬ್ಯಾಂಕಿಗೆ ಹೋದೆ.

ಅಮರನಾಥ ಅವರು ಕಂಪ್ಯೂಟರಿನಲ್ಲಿ ನೋಡಿ, ಇನ್ನೂ ಏನೂ ಬಂದಿಲ್ಲ ಎಂದರು. ನಿಲಂಗಾದಲ್ಲಿ ಕಟ್ಟಿದ್ದರೆ ಒಂದು ದಿನ ತಡವಾಗಬಹುದು ಎಂದುಕೊಂಡೆ. ಸೋಮವಾರ ಹೋದೆ, ನಿನ್ನೆ ಹೋದೆ. "ಸರ, ದುಡ್ಡು ಬಂದ್ರ ಬಾಗಿಲ ಬಡೀದೇ ಒಳಗ ಬರ್ತದ. ಬಂದಿಲ್ಲ ಅಂದ್ರ ಬಂದಿಲ್ಲ. ಅಂವನ್ನ ಕೇಳ್ರಿ" ಎಂದರು. ಶುಕ್ರವಾರ ಮಧ್ಯಾಹ್ನದ ತನಕ ಫೈಲು ತಡೆದು ಇಡುತ್ತೇನೆ ಎಂದಿದ್ದಾರೆ.

ರಸೀದಿ ಏನಾದರೂ ಕೊಟ್ಟಿದ್ದರೆ ಅದನ್ನು ಕಳಿಸು. ಕೊಟ್ಟಿರದಿದ್ದರೆ ಬಿಡು. ನಿನ್ನ ಮಾತಿನ ಮೇಲೆ ಸಂಶಯದಿಂದ ಬರೆಯುತ್ತಿಲ್ಲ.

ವೈಜನಾಥ


ಉದಗೀರ
28 ಆಗಸ್ಟ್ 2024

ಮಾಮಾ,

ನೀವು ಇಪ್ಪತ್ತೊಂದಕ್ಕೆ ಬರೆದ ಪತ್ರ ನನಗೆ ಸಿಕ್ಕದ್ದು ಸೋಮವಾರ, ಇಪ್ಪತ್ತಾರಕ್ಕೆ. ನಿಮ್ಮ ಮನೆಗೆ ಬಂದು ಹೋದ ಮರುದಿನ.

ಆ ಭಾನುವಾರದ ಬಗ್ಗೆ ನೀವು ಏನೂ ಬರೆಯುವುದಿಲ್ಲ ಎಂದು ಗೊತ್ತು. ಅದಕ್ಕೆ ನಾನೇ ಬರೆಯುತ್ತೇನೆ. ಅವ್ವ ನಿಶ್ಚಯಕ್ಕೆಂದು ತಂದ ಕುಪ್ಪಸದ ಖಣ, ತೆಂಗಿನಕಾಯಿ, ಸಕ್ಕರೆಯ ಪುಡಿಕೆ ಎಲ್ಲ ತಾಟಿನಲ್ಲಿ ಇಟ್ಟಳು. ಕೊನೆಗೆ ಕೆಂಪು ಡಬ್ಬಿ ತೆಗೆದು ಬಂಗಾರದ ಎರಡು ಪಾಟಲಿ ಬಳೆ ಹೊರಗಿಟ್ಟಳು. ನೀವು ಪಾಟಲಿಗಳನ್ನು ನೋಡಿದಿರಿ, ನನ್ನನ್ನು ನೋಡಿದಿರಿ. "ಚಹಾ ತಗೋರಿ, ಆರ್ತದ" ಎಂದಿರಿ. ನಿಮ್ಮ ಮುಖ ಕಂಡು ನನಗೆ ಏನೂ ಹೊಳೆಯಲಿಲ್ಲ. ಸಂತೋಷದಲ್ಲಿ ಮಾತು ನಿಂತಿದೆ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ.

ಶಿವಾನಿ ಒಂದು ಪಾಟಲಿ ಕೈಗೆತ್ತಿಕೊಂಡಳು. "ಛಲೋ ಅವ ಅತ್ತೀ. ಎಷ್ಟು ತೊಲಿ?"

"ಎರಡು ತೊಲಿ. ನಿನ್ನ ಕೈಗಿ ಹಗೂರ ಆಗ್ಬಾರ್ದು ಅಂತ ನಾನೇ ಆರ್ಸಿನವ್ವಾ."

"ಭಿಸಿದು ಎಲ್ಲಾ ರೊಕ್ಕ ಇದಕ್ಕೇ ಹಾಕ್ದ್ರೇನು?"

"ಮತ್ಯಾತಕ್ಕ ಹಾಕ್ಬೇಕು? ಇಪ್ಪತ್ತನೇ ತಾರೀಖಿನೊಳಗ ಅಂತ ನಿಮ್ಮಪ್ಪನೇ ಬರ್ದಿದ್ನಲ್ಲ."

ಅವಳು ಪಾಟಲಿ ಡಬ್ಬಿಯಲ್ಲಿ ಇಟ್ಟು ಒಳಗೆ ಹೋದಳು. ಬಂದಾಗ ಕೈಯಲ್ಲಿ ಮಡಿಸಿದ ಒಂದು ಹಾಳೆ ಇತ್ತು. "ಶಿವಾನಿ, ಬ್ಯಾಡ" ಎಂದಿರಿ. ನಿಮ್ಮ ಧ್ವನಿ ಅಷ್ಟು ದೊಡ್ಡದಾದದ್ದು ನಾನು ಕೇಳಿದ್ದು ಅದೊಂದೇ ಸಲ. "ಇದು ನಿಮಗ ಬರ್ದ ಪತ್ರರೀ, ಇಂಜಿನೇರ್ ಸಾಹೇಬ್ರ. ಹಾದಿ ತಪ್ಪಿ ಅಪ್ಪನ ಹಾಜರಿ ಪುಸ್ತಕದಾಗ ಕುಂತಿತ್ತು" ಎಂದು ನನ್ನ ಕಿಸೆಗೆ ಹಾಕಿದಳು. ನಗುತ್ತಿದ್ದಳು. ಅವಳು ಅಳುವಾಗಲೂ ಹಾಗೇ ನಗುತ್ತಾಳೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿರಬೇಕಿತ್ತು.

ಬಸ್ಸಿನಲ್ಲಿ ಓದಿದೆ. ಅವ್ವ, ಏನು ಬರೆದಿದೆ, ಏನು ಬರೆದಿದೆ ಎಂದು ಕೇಳುತ್ತಲೇ ಇದ್ದಳು. ನಿಲಂಗಾ ಬರುವ ತನಕ ಹೇಳಲಿಲ್ಲ. ಇಳಿದ ಮೇಲೆ ಹೇಳಿದೆ. "ವೈಜಪ್ಪಗ ಬಾಯಿ ಇರಲಿಲ್ಲೇನು? ನಾ ಅಕ್ಕ ಅಲ್ಲೇನು ಅಂವಗ?" ಎಂದಳು. ಅಲ್ಲಿಂದ ಮನೆಗೆ ಬರುವಾಗ ಡಬ್ಬಿಯನ್ನು ಮುಟ್ಟಲಿಲ್ಲ. ನಾನೇ ಹಿಡಿದುಕೊಂಡು ಬಂದೆ.

ಸೋಮವಾರ ಸರಾಫನಿಗೆ ಪಾಟಲಿ ತಿರುಗಿ ಕೊಟ್ಟೆ. ಮಜೂರಿ ಹಿಡಿದುಕೊಂಡು ಉಳಿದದ್ದು ಕೊಟ್ಟ. ಒಂಬತ್ತು ಸಾವಿರ ಕಡಿಮೆ ಬಿತ್ತು. ಬಸವಣ್ಣೆಪ್ಪ ಗಲ್ಲಾದಿಂದ ತೆಗೆದುಕೊಟ್ಟರು, ಯಾತಕ್ಕೆ ಎಂದೂ ಕೇಳದೆ. ನಿನ್ನೆ ನಿಲಂಗಾದಲ್ಲಿ ತಪ್ಪಿದ ಕಂತುಗಳ ಬಾಕಿಯೆಲ್ಲ ಕಟ್ಟಿದೆ. ರಸೀದಿ ಇದರೊಳಗೆ ಇದೆ. ಅದರ ಮೇಲೆ ಇಪ್ಪತ್ತೇಳು ಎಂಬ ತಾರೀಖು ಇದೆ.

ಕಾಲೇಜಿಗೆ ಹೋಗಿ ಕೇಳಿ, ಮಾಮಾ. ನಾಲ್ಕು ದಿನ ತಡವಾದದ್ದಕ್ಕೆ ಕಾರಣ ಬರೆದು ಕೊಟ್ಟರೆ ತೆಗೆದುಕೊಳ್ಳಬಹುದು. ನಾನೂ ಬರುತ್ತೇನೆ, ತಪ್ಪು ನನ್ನದೆಂದು ಹೇಳುತ್ತೇನೆ.

ನೀವು ಆ ಎರಡು ವರ್ಷ ಕಟ್ಟಿದ್ದನ್ನು ನನಗೆ ಹೇಳಬೇಕಿತ್ತು. ಇದು ದೂರು ಅಲ್ಲ. ಗೊತ್ತಿದ್ದರೆ ಮೊದಲ ಭಿಸಿಯ ಕಂತಿನಿಂದಲೇ ನಾನು ಬೇರೆ ಥರ ಇರುತ್ತಿದ್ದೆ.

ಧನರಾಜ


ಉದಗೀರ
20 ಅಕ್ಟೋಬರ್ 2024

ಮಾಮಾ ಅವರಿಗೆ ನಮಸ್ಕಾರ.

ರಸೀದಿ ತಲುಪಿತೇ? ಕಾಲೇಜಿನವರು ಏನೆಂದರು? ಫೋನು ಮತ್ತೆ ಚಾಲು ಮಾಡಿದ್ದೇನೆ, ಹಳೆಯದೇ ನಂಬರು. ತಿಂಗಳ ಕಂತು ತಪ್ಪಿಲ್ಲ. ಒಂದು ಸಾಲು ಬರೆಯಿರಿ.

ಧನರಾಜ


ಉಮರಗಾ
12 ಜನವರಿ 2025

ಪ್ರಿಯ ಧನರಾಜ,

ನಾಲ್ಕು ತಿಂಗಳು ಬರೆಯಲಿಲ್ಲ. ಫೋನನ್ನೂ ಮಾಡಲಿಲ್ಲ. ಸಿಟ್ಟಿನಿಂದ ಎಂದು ನೀನು ತಿಳಿದಿರಬಹುದು, ಅಕ್ಕನಂತೂ ಹಾಗೇ ತಿಳಿದಿದ್ದಾಳೆ. ಪ್ರತಿ ಸಲ ಬರೆಯಲು ಕುಳಿತಾಗಲೂ ಮಳೆಯಿಂದ, ಶಾಲೆಯಿಂದ ಶುರುವಾಗುತ್ತಿತ್ತು. ಹರಿದುಹಾಕುತ್ತಿದ್ದೆ. ಈ ಸಲ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸೆಪ್ಟೆಂಬರಿನಲ್ಲಿ ಶಿವಾನಿಯನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದೆ. ಗುಮಾಸ್ತೆ ರಿಜಿಸ್ಟರು ತಿರುಗಿಸಿ ನಮಗೇ ತೋರಿಸಿದಳು. ಅವಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಹೆಸರು ಬರೆದಿತ್ತು. ಪರಭಣಿಯ ಕಡೆಯ ಹುಡುಗಿ. ಇಪ್ಪತ್ನಾಲ್ಕರ ಬೆಳಿಗ್ಗೆ ಬಂದು ಕಟ್ಟಿಹೋಗಿದ್ದಳಂತೆ. ಹೊರಗೆ ಬಂದಾಗ ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು. ಶಿವಾನಿ, "ಇದ್ರಾಗ ನನ್ನ ಜಾಗಾದಾಕಿ ಯಾರಿರಬೇಕು?" ಎಂದು ಒಬ್ಬೊಬ್ಬರನ್ನೇ ನೋಡುತ್ತ ನಿಂತಳು.

ಈಗ ಅವಳು ಇಲ್ಲಿಯ ಒಂದು ಸಣ್ಣ ದವಾಖಾನೆಯಲ್ಲಿ ಚೀಟಿ ಬರೆಯುತ್ತಾಳೆ. ಹೆಸರು, ವಯಸ್ಸು, ಊರು. ಒಳಗೆ ಹೋಗಲು ಅವಳಿಗೆ ಅನುಮತಿ ಇಲ್ಲ. ಬಾಗಿಲು ತೆರೆದಾಗ ಮಾತ್ರ ಒಳಗಿನದು ಕಾಣುತ್ತದಂತೆ.

ಆ ವಾರದ ಬಗ್ಗೆ ಬರೆಯಬೇಕು. ಹದಿನೇಳಕ್ಕೂ ಇಪ್ಪತ್ಮೂರಕ್ಕೂ ನಡುವೆ ಆರು ದಿನ ಇದ್ದವು. ಇಲ್ಲಿಂದ ಉದಗೀರಕ್ಕೆ ದಿನಾಲೂ ಬಸ್ಸು ಹೋಗುತ್ತದೆ. ಇಪ್ಪತ್ತಕ್ಕೆ ಸ್ಟ್ಯಾಂಡಿನವರೆಗೂ ಹೋಗಿದ್ದೆ, ಬಸ್ಸು ನಿಂತಿತ್ತು. ರಸೀದಿ ಕೇಳಲು ಊರಿಂದ ಊರಿಗೆ ಬಂದ ಎಂದು ನಿನಗೆ ಅನಿಸಬಾರದು ಎಂದುಕೊಂಡು ತಿರುಗಿ ಬಂದೆ, ಮರುದಿನ ಪತ್ರ ಹಾಕಿದೆ. ನಾನು ಏನನ್ನು ಕಾಯುತ್ತಿದ್ದೆ ಎಂದು ಈಗ ಯೋಚಿಸುತ್ತೇನೆ. ನನ್ನ ಒಳ್ಳೆಯತನವನ್ನೇ ಕಾಯುತ್ತಿದ್ದೆ ಅನಿಸುತ್ತದೆ. ಮಗಳ ಸೀಟನ್ನು ಕಾಯಲಿಲ್ಲ. ನೀನು ಮೊದಲ ಪತ್ರದಲ್ಲೇ, ಹೇಳಿ, ಹಾಗೇ ಮಾಡುತ್ತೇನೆ ಎಂದಿದ್ದೆ. ಹೇಳಬೇಕಾದವನು ನಾನಾಗಿದ್ದೆ. ಆದ್ದರಿಂದ ತಪ್ಪು ನಿನ್ನದೆಂದು ಎಲ್ಲಿಯೂ ಹೇಳಬೇಡ.

ಅಕ್ಕ ಮತ್ತೆ ಮದುವೆಯ ಮಾತು ಎತ್ತಿಸಿದ್ದಳು. ಶಿವಾನಿ ಒಪ್ಪಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅವಳಿಗೆ. "ಧನರಾಜ ಛಲೋನೇ ಹಾನ. ಆದ್ರ ನನ್ನ ನೋಡಿದಾಗೆಲ್ಲ ಅಂವ ತಪ್ಪು ಮಾಡಿದೋನ ಹಂಗ ನೋಡ್ತಾನ. ದಿನಾ ಅಂಥಾ ಮುಖಕ್ಕ ರೊಟ್ಟಿ ಬಡದು ಹಾಕ್ಲೇನು?" ಎಂದಳು. ಅಕ್ಕನಿಗೆ ಇದನ್ನು ನಾನೇ ಹೋಗಿ ಹೇಳಿಬಂದೆ, ಪತ್ರದಲ್ಲಿ ಬರೆಯಲಿಲ್ಲ.

ಈಗ ಬರೆಯಲು ಕಾರಣವಾದದ್ದು ಹೇಳುತ್ತೇನೆ. ಕಳೆದ ವಾರ ಅಮರನಾಥ ಅವರು ಕರೆಸಿದ್ದರು. "ಸರ, ಈಗ ನಿಮ್ಮ ಹೆಸರು ಹಾಕಿದ್ರ ಏನೂ ಅಡ್ಡಿ ಬರ್ತಿಲ್ಲ. ನಿಮ್ಮಳ್ಯಾ ಕಂತು ಸರಿ ಕಟ್ಲತ್ತಾನ. ಜೂನ್‌ದಾಗ ಮಗಳಿಗಿ ಮತ್ತ ಅರ್ಜಿ ಹಾಕಿಸ್ರಿ" ಎಂದು ಸಾಲದ ಫಾರ್ಮನ್ನು ಅವರೇ ಕೈಯಲ್ಲಿಟ್ಟರು. ನಿನ್ನ ಕಂತುಗಳ ಬೆಲೆ ನನಗೆ ಆಗ ತಿಳಿಯಿತು. ಮಿಲ್ಲಿನ ಸಂಬಳದಲ್ಲಿ ಅದು ಸುಲಭವಲ್ಲ. ಮನೆಗೆ ಬರುವಾಗ ಬಹಳ ದಿನಗಳ ಮೇಲೆ ನನಗೆ ಹಗುರಾಗಿತ್ತು.

ಶಿವಾನಿ ದವಾಖಾನೆಯಿಂದ ಬಂದು ಕೈಕಾಲು ತೊಳೆದು ಕುಳಿತಳು. ಫಾರ್ಮು ಕೊಟ್ಟೆ. ಮೊದಲ ಪುಟದಿಂದ ಒಂದಕ್ಷರ ಬಿಡದೆ ಓದಿದಳು. ನಾಲ್ಕನೆಯ ಪುಟಕ್ಕೆ ಬಂದು ಬೆರಳಿಟ್ಟಳು.

"ಇಲ್ಲಿ ಜಾಮೀನು ಯಾರ ಹಾಕ್ತಾರಪಾ? ನೀ ಹ್ಯಾಂಗೂ ನನ್ನ ಜೋಡಿ ಸಾಲಗಾರ ಆದಿ. ಇದು ಬ್ಯಾರೆಯವರದು."

ನಾನು ದಾರಿಯಲ್ಲೇ ಯೋಚಿಸಿಟ್ಟಿದ್ದೆ. "ಸೂರ್ಯಕಾಂತ ಸರ್ಗ ಕೇಳ್ತೀನವ್ವಾ. ಈ ಸಲ ಬಾಯಿಬಿಟ್ಟು ಕೇಳ್ತೀನಿ. ಅವರು ಇಲ್ಲ ಅನ್ನಲ್ಲ." ಅವರು ನಮ್ಮ ಶಾಲೆಯ ಗಣಿತದ ಮಾಸ್ತರು, ಹದಿನೈದು ವರ್ಷದಿಂದ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚುತ್ತೇವೆ.

ಅವಳು ಪೆನ್ನಿನ ಮುಚ್ಚಳ ತೆಗೆದಿದ್ದಳು.

"ಸೂರ್ಯಕಾಂತ ಸರ್ಗ ಮಗಳು ಅದಾಳೇನು?"

"ಅದಾಳ. ಎಂಟನೇ ಇಯತ್ತೆ ಓದ್ಲತ್ತಾಳ. ಬಾಳ ಶಾಣೇ ಹುಡುಗಿ."

ಜಾಮೀನಿನ ಖಾಲಿ ಗೆರೆಯ ಮೇಲಿಂದ ಬೆರಳು ತೆಗೆದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.

"ಹಂಗಾರ ಬ್ಯಾಡ" ಎಂದಳು.

ನಿನ್ನ
ವೈಜನಾಥ